ಯೋರುನ್ ಕಾಪಿಟ್ಟ ಹಿಮ

ಯೋರುನ್‌ಳನ್ನು ನಾನು ಮೊದಲು ಕಂಡದ್ದು ಟಾರಿನ ಹೊಗೆಯ ನಡುವೆ. ಎಪ್ಪತ್ತೆರಡನೆಯ ಇಸವಿಯ ಅಕ್ಟೋಬರ್ ತಿಂಗಳು. ಎಲ್ವೆಮೋ ಊರಿನ ಶಾಲೆಗೆ ಹೊಸ ಮೇಷ್ಟರಾಗಿ ಬಂದು, ಬಸ್ಸಿನಿಂದ ಇಳಿದು, ಪೆಟ್ಟಿಗೆ ಕೆಳಗಿಟ್ಟು, ಯಾವ ಕಡೆ ಹೋಗಬೇಕೆಂದು ನೋಡುತ್ತಿದ್ದೆ. ರಸ್ತೆಯ ಆಚೆ ಡೈರಿಯ ಹಿತ್ತಿಲಿನಲ್ಲಿ ಇಪ್ಪತ್ತೈದು ಇಪ್ಪತ್ತಾರರ ಒಬ್ಬಳು ಹೆಂಗಸು ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಮರದ ಸ್ಕೀಯೊಂದನ್ನು ಅಂಗಾತ ಮಲಗಿಸಿ, ಅದರ ತಳಕ್ಕೆ ಪೈನ್ ಮರದ ಟಾರು ಬಳಿದು, ಊದುದೀಪದ ಉರಿಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಳು. ಟಾರು ಸಣ್ಣ ಸಣ್ಣ ಗುಳ್ಳೆಯೆದ್ದು ಮರದೊಳಕ್ಕೆ ಇಳಿಯುತ್ತಿತ್ತು. ಅವಳ ಮೂಗಿನ ಮೇಲೆ ಮಸಿ ಹತ್ತಿತ್ತು.

ಅವಳು ನನ್ನ ಹೆಸರು ಕೇಳಲಿಲ್ಲ. ಎಲ್ಲಿಂದ ಬಂದಿರಿ ಎಂದೂ ಕೇಳಲಿಲ್ಲ. ನನ್ನ ಬೂಟುಗಳನ್ನು ಒಮ್ಮೆ ನೋಡಿ, "ಕಾಲಿನ ಅಳತೆ ನಲವತ್ತೆರಡಾ?" ಎಂದಳು. ಹೌದೆಂದೆ. "ಕಲ್ಲು ಸ್ಕೀ ಇದೆಯಾ ನಿಮ್ಮ ಹತ್ರ?" ಇಲ್ಲವೆಂದೆ. ಊರಿಗೆ ಉಪ್ಪಿಲ್ಲದೆ ಬಂದವನನ್ನು ನೋಡುವಂತೆ ನೋಡಿ ಒಳಗೆ ಹೋದಳು.

ಈ ಊರಿನ ಕಡೆ ಪ್ರತಿ ಮನೆಯಲ್ಲೂ ಒಬ್ಬೊಬ್ಬರಿಗೆ ಎರಡು ಜೊತೆ ಸ್ಕೀ ಇರಬೇಕು. ಒಳ್ಳೆಯ ಜೊತೆ ಕ್ರಿಸ್‌ಮಸ್ ಹತ್ತಿರ ಬರುವವರೆಗೂ ಗೋಡೆಯ ಮೇಲೆಯೇ ಇರುತ್ತದೆ. ಋತುವಿನ ಮೊದಲ ಹಿಮ ಅಂಗೈ ದಪ್ಪವೂ ಇರುವುದಿಲ್ಲ. ಅದರ ಕೆಳಗೆ ಕಲ್ಲುಗಳು ಹಲ್ಲು ಕಿರಿದು ಕಾಯುತ್ತಿರುತ್ತವೆ. ಆ ಕಲ್ಲುಗಳಿಗೆ ಆಹಾರವಾಗಲೆಂದೇ ಇಟ್ಟುಕೊಂಡ ಹಳೆಯ ಜೊತೆಗೆ ಕಲ್ಲು ಸ್ಕೀ ಎಂದು ಹೆಸರು. ಅದಿಲ್ಲದವನು ಡಿಸೆಂಬರಿನವರೆಗೆ ಕಿಟಕಿಯಲ್ಲಿ ಕೂತು ಹೊರಗೆ ನೋಡಬೇಕು, ಇಲ್ಲವೇ ಒಳ್ಳೆಯ ಸ್ಕೀಯನ್ನು ಹಾಳುಮಾಡಿಕೊಂಡು ಅಳಬೇಕು.

ಯೋರುನ್ ಒಳಗಿಂದ ತಂದುಕೊಟ್ಟ ಜೊತೆಯ ಮೇಲೆ ಮೂರು ಹೆಸರುಗಳನ್ನು ಚಾಕುವಿನಿಂದ ಕೆತ್ತಿದ್ದರು. ಮೂರೂ ಅವಳ ಅಣ್ಣಂದಿರವು. ನಾಲ್ಕನೆಯ ಹೆಸರು ಯಾಕಿಲ್ಲವೆಂದು ಕೇಳಿದೆ. "ನನ್ನ ಸರದಿ ಬರೋ ಹೊತ್ತಿಗೆ ಕೆತ್ತೋಕೆ ಮರ ಉಳಿದಿರಲಿಲ್ಲ," ಎಂದಳು. ನೋಡಿದರೆ ಮಾತು ನಿಜ. ಅಂಚುಗಳೆಲ್ಲ ಸವೆದು ದುಂಡಗಾಗಿದ್ದವು.

ಮುಂದಿನ ವಾರ ಹಿಮ ಬಿತ್ತು. ಆ ಸವೆದ ಹಲಗೆಗಳ ಮೇಲೆ ನಿಂತು ನಾನು ಶಾಲೆಯ ಹಿಂದಿನ ಹೊಲವನ್ನು ದಾಟಿದೆ. ಬೇಸಗೆಯಿಡೀ ನಡೆದ ಕಾಲುಗಳಿಗೆ ಮೊದಲ ಹತ್ತು ಹೆಜ್ಜೆ ಏನೂ ನೆನಪಿರುವುದಿಲ್ಲ. ಹನ್ನೊಂದನೆಯ ಹೆಜ್ಜೆಗೆ ಕಾಲು ತಾನಾಗಿ ಮುಂದಕ್ಕೆ ಜಾರುತ್ತದೆ, ಕೋಲು ತಾನಾಗಿ ನೆಲ ಹುಡುಕುತ್ತದೆ, ಹಿಮದ ಕೆಳಗೆ ಹುಲ್ಲು ಸರಸರ ಎನ್ನುತ್ತದೆ. ನಡುನಡುವೆ ಕಲ್ಲು ಕರಕ್ಕೆಂದಾಗ ಹಲ್ಲು ಜುಮ್ಮೆನ್ನುತ್ತದೆ. ಆದರೂ ನಿಲ್ಲುವ ಮನಸ್ಸಾಗುವುದಿಲ್ಲ. ಫೆಬ್ರವರಿಯ ಮೊಣಕಾಲುದ್ದ ಹಿಮದಲ್ಲಿಯೂ ಆ ಸುಖವಿಲ್ಲ. ಹಸಿದವನ ಮೊದಲ ತುತ್ತಿಗೂ ಹಬ್ಬದೂಟಕ್ಕೂ ಇರುವ ಅಂತರ ಅದು.

ಯೋರುನ್ ಆ ಮೊದಲ ತುತ್ತಿಗಾಗಿ ಬದುಕಿದವಳು.

ಮೂವರು ಅಣ್ಣಂದಿರ ಮೇಲೆ ಹುಟ್ಟಿದ ಅವಳು ಹದಿನೆಂಟು ವರ್ಷದವರೆಗೆ ಕಲ್ಲು ಸ್ಕೀ ಬಿಟ್ಟು ಬೇರೆ ಸ್ಕೀಯನ್ನೇ ಕಾಣಲಿಲ್ಲ. ಹತ್ತೊಂಬತ್ತನೆಯ ವರ್ಷ ಡೈರಿಯ ಸಂಬಳದಲ್ಲಿ ಸ್ವಂತ ಜೊತೆ ಕೊಂಡಳು. ಆ ಚಳಿಗಾಲ ಊರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡಲು ಹೋದಾಗ, ಹೆಂಗಸರ ವಿಭಾಗವೇ ಇಲ್ಲ, ಕಾಫಿ ಮಾಡುವುದಾದರೆ ಬರಬಹುದು ಎಂದರಂತೆ. ಅವಳು ಕಾಫಿ ಮಾಡಿಟ್ಟಳು. ಅರ್ಧ ನಿಮಿಷಕ್ಕೊಬ್ಬರಂತೆ ಹೊರಟ ಗಂಡಸರಲ್ಲಿ ಕೊನೆಯವನು ಹೋದ ಅರ್ಧ ನಿಮಿಷಕ್ಕೆ ಸರಿಯಾಗಿ, ಎದೆಯ ಮೇಲೆ ಸಂಖ್ಯೆಯಿಲ್ಲದೆ ತಾನೂ ಹೊರಟಳು. ಹನ್ನೊಂದು ಮಂದಿಯನ್ನು ಹಿಂದೆ ಹಾಕಿ ಬಂದು, ಏದುಸಿರು ಬಿಡುತ್ತ, ತನ್ನ ಹೊತ್ತು ಎಷ್ಟಾಯಿತೆಂದು ಕೇಳಿದಳು. ಗಡಿಯಾರ ಹಿಡಿದವನು, ನಾನು ನೋಡಲಿಲ್ಲ, ಎಂದು ಗಡಿಯಾರವನ್ನು ಜೇಬಿಗಿಳಿಸಿದ.

"ಹಾಗಾದ್ರೆ ಇನ್ನೊಂದು ಸುತ್ತು ಹೋಗಿಬರ್ತೀನಿ. ಈ ಸಲ ನೋಡಿ," ಎಂದು ಅವಳು ತಿರುಗಿ ಹೊರಟುಬಿಟ್ಟಳು.

ಬಹುಮಾನ ಹಂಚಿ ಮುಗಿದಿತ್ತು. ಮನೆಗೆ ಹೋಗಬೇಕಾದ ಜನ ಹೋಗಲಿಲ್ಲ. ಎರಡನೆಯ ಸುತ್ತು ಮುಗಿಸಿ ಅವಳು ಕಾಡಿನಿಂದ ಹೊರಬಿದ್ದಾಗ ಗಡಿಯಾರದವನೂ ಇನ್ನೂ ಅಲ್ಲಿಯೇ ನಿಂತಿದ್ದನಂತೆ, ಗಡಿಯಾರ ಕೈಯಲ್ಲಿ ಹಿಡಿದು. ಈ ಕಥೆಯನ್ನು ನನಗೆ ಹೇಳಿದವರು ಬೇರೆಯವರು. ಅವಳನ್ನು ಕೇಳಿದರೆ, ಎರಡನೆಯ ಸುತ್ತಿನಲ್ಲಿ ಸ್ಕೀಯ ತಳದ ಮೇಣ ಸವೆದುಹೋಗಿತ್ತು, ಇಲ್ಲದಿದ್ದರೆ ಇನ್ನೂ ಬೇಗ ಬರುತ್ತಿದ್ದೆ ಎನ್ನುತ್ತಾಳೆ, ಅಷ್ಟೆ.

ಮದುವೆಯಾಗಲಿಲ್ಲ. ಸಾಮಿಲ್ಲಿನ ಎಂಬ್ರೆಟ್ ಎರಡು ಸಲ ಕೇಳಿದನೆಂದೂ, ಅವನು ಸ್ಕೀಗೆ ಮೇಣವನ್ನು ಗಂಜಿಯಂತೆ ದಪ್ಪಗೆ ಬಳಿಯುತ್ತಾನೆಂಬ ಕಾರಣಕ್ಕೆ ಅವಳು ಒಪ್ಪಲಿಲ್ಲವೆಂದೂ ಊರಿನ ಮಾತು. ಎಂಬ್ರೆಟ್ ಈ ಮಾತನ್ನು ಅಲ್ಲಗಳೆದವನಲ್ಲ.

ಅವಳ ಅಪ್ಪನ ಕಾಲದಿಂದ ಡೈರಿಯ ಪಕ್ಕದಲ್ಲಿ ಒಂದು ಹಿಮದ ಮನೆಯಿತ್ತು. ಫೆಬ್ರವರಿಯಲ್ಲಿ ಕೆರೆಯ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ತಂದು, ಮರದ ಹೊಟ್ಟಿನಲ್ಲಿ ಹೂತಿಟ್ಟರೆ ಸೆಪ್ಟೆಂಬರಿನವರೆಗೆ ಹಾಲು ತಣ್ಣಗಿರುತ್ತಿತ್ತು. ಆ ಮನೆಯ ಗೋಡೆಗಳು ಒಂದು ಮೊಳ ದಪ್ಪ; ಎರಡು ಸಾಲು ಹಲಗೆಗಳ ನಡುವೆ ತುಂಬ ಒಣ ಹೊಟ್ಟು. ಫ್ರಿಜ್ಜು ಬಂದು ಹಿಮದ ಮನೆ ಖಾಲಿಯಾಯಿತು. ಆಮೇಲೆ ಡೈರಿಯೇ ಮುಚ್ಚಿತು. ಆಗ ಊರಿನ ಸ್ಕೀ ಸಂಘ ಆ ಮನೆಯನ್ನು ಮೇಣದ ಮನೆ ಮಾಡಿಕೊಂಡಿತು, ಕೀಲಿಕೈ ಯೋರುನ್‌ಳ ಕೊರಳಿಗೆ ಬಂತು. ಒಳಗೆ ಒಂದು ಸೌದೆಯ ಒಲೆ, ಸ್ಕೀ ಸಿಕ್ಕಿಸುವ ಎರಡು ಮೇಜು, ಗೋಡೆಯುದ್ದಕ್ಕೂ ಮೇಣದ ಡಬ್ಬಿಗಳು: ಹಸಿರು, ನೀಲಿ, ನೇರಳೆ, ಕೆಂಪು. ಚಳಿ ಹೆಚ್ಚಿದಷ್ಟೂ ಗಟ್ಟಿ ಮೇಣ, ಕಡಿಮೆಯಾದಷ್ಟೂ ಮೆತ್ತನೆಯದು. ಸ್ಕೀಯ ನಡುಭಾಗಕ್ಕೆ, ಕಾಲಿನ ಕೆಳಗೆ ಬಳಿದ ಮೇಣ ಒದ್ದಾಗ ಹಿಮವನ್ನು ಹಿಡಿಯಬೇಕು, ಜಾರುವಾಗ ಬಿಡಬೇಕು. ಹಿಡಿಯುವುದು ಯಾವಾಗ, ಬಿಡುವುದು ಯಾವಾಗ ಎಂಬುದನ್ನು ಈ ಊರಿನ ಮೂರು ತಲೆಮಾರು ಆ ಮೇಜಿನ ಬದಿಯಲ್ಲಿ ನಿಂತು ಅವಳಿಂದ ಕಲಿತಿದೆ.

ಹಾಗೆ ಕಲಿತವರಲ್ಲಿ ಒಬ್ಬ ಅವಳ ತಂಗಿಯ ಮಗ ಸ್ತೂರ್ಲಾ. ನನ್ನ ಶಿಷ್ಯನೂ ಹೌದು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಮೃದು. ಎಂಟು ವರ್ಷದ ಹಿಂದೆ ಅವನು ಸಂಘದ ಅಧ್ಯಕ್ಷನಾಗಿದ್ದ.

ಅಷ್ಟು ಹೊತ್ತಿಗೆ ಹಿಮ ತನ್ನ ಮಾತನ್ನು ತಪ್ಪಲಾರಂಭಿಸಿತ್ತು. ಅಕ್ಟೋಬರಿನಲ್ಲಿ ಬರುತ್ತಿದ್ದುದು ನವೆಂಬರಿಗೆ, ಕೆಲವು ವರ್ಷ ಡಿಸೆಂಬರಿಗೆ ಜಾರಿತು. ಮೂವತ್ತೈದು ಕಿಲೋಮೀಟರ್ ದೂರದ ಸ್ಟೋರ್‌ವೊಲ್‌ನಲ್ಲಿ ಹಿಮ ಉಗುಳುವ ಯಂತ್ರಗಳಿದ್ದವು. ಅಕ್ಟೋಬರ್ ಬಂತೆಂದರೆ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಎಲ್ಲರೂ ಅಲ್ಲಿಗೆ ಓಡುತ್ತಿದ್ದರು. ಒಮ್ಮೆ ಅಲ್ಲಿನ ಸಂಘದ ಟೋಪಿ ತಲೆಗೇರಿದ ಮೇಲೆ ಮಗು ಜನವರಿಯಲ್ಲಿ ಇಲ್ಲಿ ಎಷ್ಟೇ ಹಿಮ ಬಿದ್ದರೂ ವಾಪಸು ಬರುತ್ತಿರಲಿಲ್ಲ. ಆ ವರ್ಷ ನಮ್ಮಲ್ಲಿ ಉಳಿದವರು ಎಂಟು ಮಕ್ಕಳು. ಸ್ತೂರ್ಲಾನ ಇಬ್ಬರು ಹೆಣ್ಣುಮಕ್ಕಳೂ ಅತ್ತ ಹೋಗಿದ್ದರು.

ಮಾರ್ಚ್ ತಿಂಗಳ ವಾರ್ಷಿಕ ಸಭೆಯಲ್ಲಿ ಅವನು ಒಂದು ಕಾಗದ ಹಿಡಿದು ಎದ್ದುನಿಂತು ವಿಷಯ ಮಂಡಿಸಿದ. ನಮ್ಮ ಸಂಘವನ್ನು ಸ್ಟೋರ್‌ವೊಲ್ ಸಂಘದೊಳಗೆ ಸೇರಿಸುವುದು. ಊರಿನ ಸ್ಕೀ ಜಾಡಿನ ದೀಪಗಳನ್ನು ಆರಿಸುವುದು. ಹಳೆಯ ಹಿಮದ ಮನೆಯನ್ನು ಕೆಡವಿ ಆ ಜಾಗವನ್ನು ಬಸ್ಸು ತಿರುಗಿಸಲು ಬಿಟ್ಟುಕೊಡುವುದು. ಹೊರಗೆ ಹಿಮ ದಪ್ಪ ದಪ್ಪ ಹೂವಾಗಿ ಬೀಳುತ್ತಿತ್ತು. ನಾನು ಕಾರ್ಯದರ್ಶಿಯಾಗಿ ನಡಾವಳಿ ಬರೆಯುತ್ತಿದ್ದೆ. ಯಾರೂ ಎದುರಾಡಲಿಲ್ಲ, ಎಲ್ಲರೂ ಮಕ್ಕಳನ್ನು ಕಾರಿನಲ್ಲಿ ಅತ್ತ ಒಯ್ಯುವವರೇ.

ಹಿಂದಿನ ಸಾಲಿನಿಂದ ಯೋರುನ್ ಕೇಳಿದಳು, ಅಕ್ಟೋಬರಿನ ಕೊನೆಯ ಭಾನುವಾರ ಈ ಊರಿನಲ್ಲಿಯೇ ಸ್ಕೀ ಜಾಡು ಇದ್ದರೆ ಏನು ಮಾಡುತ್ತೀಯ ಎಂದು. ಅವಳಿಗೆ ಆಗ ಎಪ್ಪತ್ತೊಂದು.

"ಇದ್ರೆ ಈ ಕಾಗದ ಹರಿದುಹಾಕ್ತೀನಿ," ಎಂದು ನಕ್ಕ ಸ್ತೂರ್ಲಾ. "ಆದ್ರೆ ಅಕ್ಟೋಬರಲ್ಲಿ ಹಿಮ ಎಲ್ಲಿಂದ ಬರುತ್ತೆ ದೊಡ್ಡಮ್ಮ?"

"ಮಾರ್ಚಿಂದ."

ಸಭೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತು, ಬರೆಯಿರಿ ಎಂದಳು. ಬರೆದೆ: ಅಕ್ಟೋಬರಿನ ಕೊನೆಯ ಭಾನುವಾರ ಎಲ್ವೆಮೋದಲ್ಲಿ ಆರುನೂರು ಮೀಟರಿಗೆ ಕಡಿಮೆಯಿಲ್ಲದ, ಒಂದು ಏರು ಇರುವ ಸ್ಕೀ ಜಾಡು ಸಿದ್ಧವಿದ್ದರೆ ಸಂಘವೂ ಹಿಮದ ಮನೆಯೂ ಇದ್ದಲ್ಲಿಯೇ ಇರತಕ್ಕದ್ದು, ಇಲ್ಲವಾದರೆ ಅಧ್ಯಕ್ಷರ ಸೂಚನೆಯಂತೆ ನಡೆಯತಕ್ಕದ್ದು. ಏರಿನ ಮಾತನ್ನು ಸೇರಿಸಿದವಳು ಅವಳೇ. ಏರಿಲ್ಲದ ಜಾಡು ಜಾಡಲ್ಲ, ಅಂಗಳ, ಎಂದಳು.

ಮರುದಿನ ಬೆಳಗ್ಗೆ ಎಂಬ್ರೆಟ್‌ನ ಟ್ರ್ಯಾಕ್ಟರ್ ಹಿಮದ ಮನೆಯ ಹಿಂದಿನ ತಗ್ಗಿಗೆ ಬಂತು. ಅದು ಉತ್ತರಕ್ಕೆ ಮುಖ ಮಾಡಿದ ತಗ್ಗು. ನಡುಬೇಸಗೆಯಲ್ಲಿಯೂ ಅಲ್ಲಿ ಬಿಸಿಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶಾಲೆಯ ಅಂಗಳದ ಹಿಮ, ಚರ್ಚಿನ ಮುಂದಿನ ಹಿಮ, ರಸ್ತೆಯ ಇಕ್ಕೆಲದ ಹಿಮ, ಎಲ್ಲವನ್ನೂ ಮೂರು ವಾರ ಎಳೆದುತಂದು ಒಂದು ಕೊಟ್ಟಿಗೆಯಷ್ಟು ಎತ್ತರಕ್ಕೆ ಒಟ್ಟಿದರು. ಅದರ ಮೇಲೆ ಸಾಮಿಲ್ಲಿನ ಹೊಟ್ಟನ್ನು ಒಂದು ಮೊಳ ದಪ್ಪಕ್ಕೆ ಹೊದಿಸಿದರು. ದಕ್ಷಿಣದ ಬದಿಗೆ ಬರುವ ಹೊತ್ತಿಗೆ ಹೊಟ್ಟು ಮುಗಿಯಿತು. ಎಂಬ್ರೆಟ್ ಅಲ್ಲಿಗೆ ಹಸಿ ತೊಗಟೆಯ ಚೂರನ್ನು ತಂದು ಸುರಿದ. ಹೊದಿಕೆ ಹೊದಿಕೆಯೇ ತಾನೆ ಎಂದು ಯೋರುನ್ ಸುಮ್ಮನಾದಳು. ಆಯಾಸವಾಗಿತ್ತು.

ಊರಿನವರು ಆ ಗುಡ್ಡೆಗೆ ಯೋರುನ್‌ಳ ಸಮಾಧಿ ಎಂದು ಹೆಸರಿಟ್ಟರು. ಅಂಗಡಿಯ ಮುಂದೆ ಯಾರೋ, ಒಳಗೆ ಯಾರನ್ನು ಹೂತಿದ್ದೀಯ ಎಂದು ಕೆಣಕಿದರೆ, "ಚಳಿಗಾಲಾನ. ಮಲಗಿದೆ, ಮೆಲ್ಲಗೆ ಮಾತಾಡಿ," ಎಂದು ಬ್ರೆಡ್ಡಿನ ಚೀಲ ಎತ್ತಿಕೊಂಡು ಹೋದಳಂತೆ.

ಜೂನ್ ತಿಂಗಳ ಒಂದು ಬೆಳಗ್ಗೆ ಗುಡ್ಡೆಯ ದಕ್ಷಿಣದ ಬದಿಯಿಂದ ಹಬೆ ಏಳುತ್ತಿತ್ತು. ನಾನು ಅಂಚೆ ತರಲು ಹೊರಟವನು ನೋಡಿ ನಿಂತೆ. ಯೋರುನ್ ಆಗಲೇ ಅಲ್ಲಿ ಮೊಣಕಾಲೂರಿ ಕೂತು ತೊಗಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿದ್ದಳು. ಒಳಗೆ ಹಸುವಿನ ಪಕ್ಕೆಯಷ್ಟು ಬೆಚ್ಚಗಿದೆ ಎಂದಳು. ಹಸಿ ತೊಗಟೆ ಗೊಬ್ಬರದ ಗುಂಡಿಯಂತೆ ಕೊಳೆಯುತ್ತ ಕಾವು ಹಿಡಿದಿತ್ತು. ಹಿಮವನ್ನು ಬಿಸಿಲಿನಿಂದ ಕಾಪಾಡಲು ಹೊದಿಸಿದ್ದೇ ಅದನ್ನು ಬೇಯಿಸುತ್ತಿತ್ತು. ಎಂಬ್ರೆಟ್ ಬಂದು ಟೋಪಿ ತೆಗೆದು ನಿಂತ. ತಪ್ಪು ನಂದು ಎಂದ. ಇಬ್ಬರದೂ ಎಂದಳು ಅವಳು. ಹಿಮದ ಮನೆಯ ಬದಿಯಲ್ಲಿ ಬೆಳೆದವಳಿಗೆ ಹಸಿ ತೊಗಟೆಯ ಗುಣ ಗೊತ್ತಿರಬೇಕಾಗಿತ್ತು ಎಂದು ತನ್ನನ್ನು ತಾನೇ ಬೈದುಕೊಂಡಳು.

ತೊಗಟೆಯನ್ನು ತೆಗೆಯುವುದೇನೋ ಸರಿ, ಮೇಲೆ ಹೊದಿಸಲು ಒಣ ಹೊಟ್ಟು ಎಲ್ಲಿಂದ ತರುವುದು? ಸಾಮಿಲ್ಲಿನಲ್ಲಿದ್ದುದೆಲ್ಲ ಹಸಿ. ಕಾಯಲು ಹೊತ್ತಿರಲಿಲ್ಲ, ದಿನವೂ ಒಂದು ಗೇಣು ಹಿಮ ಹೋಗುತ್ತಿತ್ತು. ಯೋರುನ್ ಎದ್ದುನಿಂತು ಸ್ವಲ್ಪ ಹೊತ್ತು ಹಿಮದ ಮನೆಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಸುತ್ತಿಗೆಯನ್ನೂ ಮೊಳೆ ಕೀಳುವ ಸಲಾಕೆಯನ್ನೂ ತಂದಳು.

ಅಂದು ಮಧ್ಯಾಹ್ನ ಸ್ತೂರ್ಲಾ ಕೆಲಸದಿಂದ ಬರುತ್ತ ಕಾರು ನಿಲ್ಲಿಸಿದ. ಹಿಮದ ಮನೆಯ ಒಳಗೋಡೆಯ ಹಲಗೆಗಳು ಕಿತ್ತುಬಂದಿದ್ದವು. ಎಂಬತ್ತು ವರ್ಷದ ಒಣ ಹೊಟ್ಟು ಚಿನ್ನದ ಬಣ್ಣದಲ್ಲಿ ನೆಲದ ಮೇಲೆ ಸುರಿಯುತ್ತಿತ್ತು. ಹತ್ತಾರು ಮಂದಿ, ಅದರಲ್ಲಿ ಹೆಚ್ಚಿನವರು ಡೈರಿಯಲ್ಲಿ ಅವಳೊಡನೆ ದುಡಿದ ಹೆಂಗಸರು, ಆಲೂಗಡ್ಡೆಯ ಚೀಲಗಳಲ್ಲಿ ತುಂಬಿ ಗುಡ್ಡೆಗೆ ಹೊರುತ್ತಿದ್ದರು.

"ದೊಡ್ಡಮ್ಮ, ಈ ಮನೆ ಉಳೀಲಿ ಅಂತ ತಾನೇ ಇಷ್ಟೆಲ್ಲ? ನೀವೇ ಕೆಡವ್ತಾ ಇದ್ದೀರಲ್ಲ," ಎಂದ ಅವನು.

"ಗೋಡೆ ಇನ್ನೊಂದ್ಸಲ ತುಂಬಬಹುದು," ಎಂದಳು ಯೋರುನ್, ಬಾಯಿಗೆ ಕಟ್ಟಿದ್ದ ಬಟ್ಟೆ ಸರಿಸದೆ. "ಹಿಮ ತುಂಬೋಕಾಗಲ್ಲ. ಬಂದಿದ್ದೀಯ, ಒಂದು ಚೀಲ ಹೊತ್ತು ಹೋಗು."

ಅವನು ಹೊರಲಿಲ್ಲ. ಆದರೆ ಹೋಗುವ ಮುಂಚೆ ಬಹಳ ಹೊತ್ತು ಕಾರಿನ ಪಕ್ಕ ನಿಂತಿದ್ದ.

ಎರಡು ದಿನದಲ್ಲಿ ಗುಡ್ಡೆ ಮತ್ತೆ ಮುಚ್ಚಿತು. ಈಗ ಸೋತರೆ ಕೆಡವುವವರಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ ಎಂಬುದು ಎಲ್ಲರಿಗೂ ತಿಳಿದಿತ್ತು. ಅವಳು ಗುಡ್ಡೆಯ ನೆತ್ತಿಯ ಮಟ್ಟಕ್ಕೆ ಒಂದು ಗಳು ನೆಟ್ಟು ಕೆಂಪು ಪಟ್ಟಿ ಕಟ್ಟಿದಳು. ಜುಲೈಯಲ್ಲಿ ಗುಡ್ಡೆಯ ನೆತ್ತಿ ಪಟ್ಟಿಗಿಂತ ಒಂದು ಮೊಳ ಇಳಿಯಿತು. ಆಗಸ್ಟಿನಲ್ಲಿ ಮೂರು ಮೊಳ. ಒಳಗೆ ಎಷ್ಟು ಉಳಿದಿದೆ ಎಂದು ಬಗೆದು ನೋಡೋಣವೆಂದು ನಾನೇ ಒಮ್ಮೆ ಕೇಳಿದೆ. ಕೇಳಬಾರದಾಗಿತ್ತು. ಬೇಯುವ ಅನ್ನದ ಮುಚ್ಚಳವನ್ನು ತೆಗೆದು ತೆಗೆದು ನೋಡುವವನಿಗೆ ಅನ್ನ ಬೇಯುವುದಿಲ್ಲ, ಹೂತ ಹಿಮವನ್ನು ಬಗೆದು ನೋಡುವವನಿಗೆ ಹಿಮ ಉಳಿಯುವುದಿಲ್ಲ ಎಂದು ನಾನು ಮಕ್ಕಳಿಗೆ ಹೇಳುವ ಧಾಟಿಯಲ್ಲಿಯೇ ನನಗೆ ಹೇಳಿದಳು.

ಕಾಡಿನಲ್ಲಿ ಎಲ್ಕ್ ಜಿಂಕೆಗಳ ಬೇಟೆ ಮುಗಿಯಿತು. ಬರ್ಚ್ ಮರದ ಎಲೆಗಳು ಹಳದಿಯಾಗಿ ಉದುರಿದವು. ನೆಲ ಹೆಪ್ಪುಗಟ್ಟಿತು, ಆದರೆ ಆಕಾಶದಿಂದ ಒಂದು ಚಕ್ಕೆಯೂ ಬೀಳಲಿಲ್ಲ. ಕೊನೆಯ ಭಾನುವಾರಕ್ಕೆ ಮೂರು ದಿನವಿರುವಾಗ ಗುಡ್ಡೆಯನ್ನು ತೆರೆದರು. ಹೊಟ್ಟನ್ನು ಸರಿಸಿದಾಗ ಮೊದಲು ಬೂದು ಬಣ್ಣದ ಚರ್ಮದಂಥ ಪದರ ಕಂಡಿತು. ಎಂಬ್ರೆಟ್ ಅದನ್ನು ಸಲಿಕೆಯಿಂದ ಒಡೆದ. ಕೆಳಗೆ ಬಿಳಿ. ಯೋರುನ್ ಕೈಗವಸು ತೆಗೆದು ಒಂದು ಹಿಡಿ ಎತ್ತಿಕೊಂಡಳು, ಹಿಂಡಿದಳು. ಅದು ಉಂಡೆ ಕಟ್ಟಲಿಲ್ಲ. ದಪ್ಪ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯಿತು. ಚೂರು ಬಾಯಿಗೂ ಹಾಕಿಕೊಂಡಳು. "ಚರ್ಚಿನ ಮುಂದಿಂದು," ಎಂದಳು ಎಂಬ್ರೆಟ್‌ಗೆ.

ಹಿಮದ ಮನೆಯಿಂದ ಹೊರಟು, ಶಾಲೆಯ ಹೊಲದ ಅಂಚಿಗೆ ಹೋಗಿ, ಗಂಟೆಕಂಬದ ದಿಣ್ಣೆಯನ್ನು ಏರಿ ಇಳಿದು ತಿರುಗಿ ಬರುವಂತೆ ಜಾಡಿನ ಗುರುತು ಹಾಕಿದ್ದರು. ಮೂರು ಮೀಟರ್ ಅಗಲಕ್ಕೆ ಹಿಮ ಹರಡುತ್ತ ಹೋದರು. ಶನಿವಾರ ಮಧ್ಯಾಹ್ನ ದಿಣ್ಣೆಯನ್ನು ಇಳಿದು ಬರುವಾಗ ಹಿಮ ಮುಗಿದುಹೋಯಿತು. ತಗ್ಗಿನಲ್ಲಿ ಬರೀ ಹೊಟ್ಟು. ಸ್ತೂರ್ಲಾ ಅಳತೆಯ ಗಾಲಿಯನ್ನು ತಂದು ಉರುಳಿಸಿಕೊಂಡು ಹೋದ. ನಾನೂರ ಎಂಬತ್ತು ಮೀಟರ್. ಅವನ ಮುಖದಲ್ಲಿ ಗೆಲುವಿರಲಿಲ್ಲ, ಅದನ್ನು ಇಲ್ಲಿ ಹೇಳಬೇಕು.

"ಸಾಕು ಬಿಡಿ ದೊಡ್ಡಮ್ಮ. ಇಷ್ಟು ಮಾಡಿದ್ದೇ ಹೆಚ್ಚು. ಯಾರೂ ನಿಮ್ಮನ್ನ ಏನೂ ಅನ್ನಲ್ಲ."

ಅವಳು ಅವನತ್ತ ನೋಡಲೇ ಇಲ್ಲ. ನನ್ನತ್ತ ತಿರುಗಿ, "ಮೇಷ್ಟ್ರೇ, ನಡಾವಳೀಲಿ ಅಗಲ ಎಷ್ಟು ಅಂತ ಬರ್ದಿದ್ದೀರಿ?" ಎಂದಳು.

ಅಗಲದ ಮಾತೇ ಅದರಲ್ಲಿ ಇಲ್ಲವೆಂದೆ.

"ನಮ್ಮಪ್ಪನ ಕಾಲದಲ್ಲಿ ಜಾಡು ಅಂದ್ರೆ ಎರಡು ಗೆರೆ. ಈ ರಸ್ತೆ ಯಾರಿಗೆ ಬೇಕಾಗಿತ್ತು?" ಎಂದವಳೇ ಸಲಿಕೆ ಎತ್ತಿಕೊಂಡು, ಹರಡಿದ ಹಿಮದ ಎರಡೂ ಅಂಚುಗಳನ್ನು ಕೊರೆಯತೊಡಗಿದಳು. ಮೂರು ಮೀಟರಿನ ಜಾಡು ಎರಡು ಮೀಟರಿಗೆ ಇಳಿಯಿತು. ಕೊರೆದ ಹಿಮವನ್ನು ಕೈಗಾಡಿಯಲ್ಲಿ ತುಂಬಿ ಇಳಿಜಾರಿನ ಕೆಳಗೆ ಸಾಗಿಸಿದೆವು. ನನ್ನ ಸೊಂಟ ಇಂದಿಗೂ ಆ ಶನಿವಾರವನ್ನು ನೆನೆಯುತ್ತದೆ. ಕತ್ತಲಾಗುವ ಮುಂಚೆ ಸ್ತೂರ್ಲಾ ಮತ್ತೊಮ್ಮೆ ಗಾಲಿ ಉರುಳಿಸಿದ. ಆರುನೂರ ಇಪ್ಪತ್ತು. ಗಾಲಿಯ ಮುಳ್ಳನ್ನು ಎರಡು ಸಲ ನೋಡಿ, ನನ್ನ ಪುಸ್ತಕದಲ್ಲಿ ಸಹಿ ಹಾಕಿದ. ಆದರೂ ಹೋಗುವಾಗ ಒಂದು ಮಾತು ಉಳಿಸಿಯೇ ಹೋದ: ಜಾಡೇನೋ ಆಯಿತು, ಈ ಹಳೆಯ ಗುಡಿಸಲಿಗೆ ಯಾರು ಬರುತ್ತಾರೆ, ಈಗಿನವರು ಮೇಣವನ್ನು ಮನೆಯಲ್ಲಿಯೇ ಹಾಕಿಕೊಂಡು ಬರುತ್ತಾರೆ ಎಂದು.

ಭಾನುವಾರ ಬೆಳಗ್ಗೆ ಮೈನಸ್ ಮೂರು ಡಿಗ್ರಿ. ಸುತ್ತಲೂ ಕಂದು ಹುಲ್ಲು, ನಡುವೆ ಬಿಳಿಯ ಒಂದು ಎಳೆ. ಊರಿಗೆ ಊರೇ ಬಂದಿತ್ತು. ಅಟ್ಟದಿಂದ, ಗ್ಯಾರೇಜಿನಿಂದ, ಮಂಚದ ಕೆಳಗಿನಿಂದ ಕಲ್ಲು ಸ್ಕೀಗಳು ಹೊರಬಿದ್ದಿದ್ದವು. ಯಾರ ಸ್ಕೀಯಲ್ಲಿ ಎಷ್ಟು ಗಾಯ, ಯಾವ ಗಾಯ ಯಾವ ವರ್ಷದ್ದು ಎಂದು ತೋರಿಸಿಕೊಳ್ಳುತ್ತಿದ್ದರು. ಕಳೆದ ಏಪ್ರಿಲಿನಲ್ಲಿ ಒಣಗಿಸಿಟ್ಟ ಬೂಟು ಈಗ ಕಾಲಿಗೆ ಯಾಕೆ ಹಿಡಿಯುತ್ತಿದೆಯೆಂದು ಒಬ್ಬರು, ಒಂದು ಕೋಲಿನ ಕೈಪಟ್ಟಿಯನ್ನು ಇಲಿ ತಿಂದಿದೆಯೆಂದು ಇನ್ನೊಬ್ಬರು. ಸ್ತೂರ್ಲಾನ ಹೆಣ್ಣುಮಕ್ಕಳು ಸ್ಟೋರ್‌ವೊಲ್ ಟೋಪಿಯಲ್ಲಿಯೇ ಬಂದಿದ್ದರು.

ಅಧ್ಯಕ್ಷನೇ ಮೊದಲು ಹೋಗಬೇಕೆಂದರು. ಸ್ತೂರ್ಲಾ ಹೊರಟ. ಹೊಲದಲ್ಲಿ ಚೆನ್ನಾಗಿಯೇ ಜಾರಿದ. ಗಂಟೆಕಂಬದ ದಿಣ್ಣೆಯ ಬುಡಕ್ಕೆ ಬಂದು ಒದ್ದ. ಸ್ಕೀ ಹಿಂದಕ್ಕೆ ಜಾರಿತು. ಇನ್ನೊಮ್ಮೆ ಒದ್ದ; ಮತ್ತೆ ಹಿಂದಕ್ಕೆ. ಮಂಜುಗಡ್ಡೆಯ ಮೇಲೆ ಬಿಟ್ಟ ಕರುವಿನಂತೆ ನಾಲ್ಕು ಕಾಲೂ ನಾಲ್ಕು ದಿಕ್ಕಾಗಿ ಕೊನೆಗೆ ಕುಂಡೆಯೂರಿ ಕುಳಿತ. ಅವನ ಹಿಂದೆ ಹೊರಟ ಏಳೆಂಟು ಮಂದಿಯ ಗತಿಯೂ ಅದೇ. ಎಲ್ಲರೂ ಥರ್ಮಾಮೀಟರ್ ನೋಡಿ, ಮೊದಲ ಹಿಮಕ್ಕೆ ಪ್ರತಿ ವರ್ಷ ಹಾಕುವಂತೆ ನೀಲಿ ಮೇಣ ಹಾಕಿ ಬಂದಿದ್ದರು.

ಆಗ ಯೋರುನ್ ಬಂದಳು. ಕಾಲಿನಲ್ಲಿದ್ದುದು ಅಣ್ಣಂದಿರ ಹೆಸರಿದ್ದ ಸ್ಕೀಗಳಲ್ಲ. ಅವು ಎಂದೋ ಒಲೆ ಸೇರಿದ್ದವು. ಆದರೂ ಗಾಯವಿಲ್ಲದ ಜಾಗವಿರದ ಜೊತೆ. ಬಿದ್ದವರ ಪಕ್ಕದಿಂದ, ದಾರಿ ಬಿಡಿ ಎಂದೂ ಹೇಳದೆ, ಬಂಡೆಗೇರುವ ಮೇಕೆಯಂತೆ ಟಕಟಕನೆ ದಿಣ್ಣೆ ಹತ್ತಿ ಆಚೆ ಇಳಿದುಹೋದಳು. ಒಂದು ಸುತ್ತು ಮುಗಿಸಿ ಎರಡನೆಯ ಸುತ್ತಿಗೂ ಬಂದಳು. ಸ್ತೂರ್ಲಾನ ಕಿರಿಯ ಮಗಳು ಅಪ್ಪನನ್ನು ನೋಡಿ ನಗುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿನಲ್ಲಿ ಹಿಮದ ಮನೆಯ ಬಾಗಿಲಲ್ಲಿ ಜನ ಸಾಲುಗಟ್ಟಿದರು. ಹೊಟ್ಟಿಲ್ಲದ ಗೋಡೆಯ ಸಂದಿಯಿಂದ ಗಾಳಿ ಸುಂಯ್ ಎನ್ನುತ್ತಿತ್ತು, ಆದರೂ ಒಲೆ ಉರಿಯುತ್ತಿತ್ತು. ಒಲೆಯ ಅಂಚಿನಲ್ಲಿ ನೇರಳೆ ಬಣ್ಣದ ಅಂಟುಮೇಣದ ಕೊಳವೆಗಳು ಹತ್ತು ಹನ್ನೆರಡು, ಬೆಳಗಿನಿಂದಲೇ ಬಿಸಿಯಾಗಲು ಇಟ್ಟವು. ಸ್ತೂರ್ಲಾ ಸ್ಕೀಯನ್ನು ಮೇಜಿಗೆ ಸಿಕ್ಕಿಸಿ ನಿಂತ.

"ಲೆಕ್ಕ ಸರಿಯಾಗೇ ಇತ್ತು ದೊಡ್ಡಮ್ಮ. ಮೈನಸ್ ಮೂರು, ಹೊಸ ಹಿಮ, ನೀಲಿ ಮೇಣ."

"ಹೊಸ ಹಿಮ ಅಂತ ಯಾರು ಹೇಳಿದ್ರು ನಿಂಗೆ?"

ಅವನು ಸ್ಕೀಯ ತಳದ ನೀಲಿ ಮೇಣವನ್ನು ಉಗುರಿನಿಂದ ಕೆರೆದು ನೋಡಿದ.

"ಇದು ಮಾರ್ಚ್ ತಿಂಗಳ ಹಿಮ ಕಣೋ. ನೀನು ಮೀಟಿಂಗಲ್ಲಿ ನಿಂತು ನಗ್ತಿದ್ಯಲ್ಲ, ಆಗ ಹೊರಗೆ ಬೀಳ್ತಿತ್ತಲ್ಲ, ಅದೇ. ಏಳು ತಿಂಗಳ ಮುದಿ ಹಿಮ. ಸಕ್ಕರೆ ಥರ ಕಾಳು ಕಾಳಾಗಿದೆ, ಗಟ್ಟಿ ಮೇಣ ಹಿಡಿಯಲ್ಲ. ಇದಕ್ಕೆ ನಿನ್ನ ನೀಲಿ ಮೇಣ ಯಾವ ಲೆಕ್ಕ? ಅಂಟು ಬೇಕು."

ಋತುವಿನ ಮೊದಲ ಜಾಡು ಎಂದರೆ ಹೊಸ ಹಿಮ ಎಂದು ಹುಟ್ಟಿನಿಂದ ಕಲಿತ ಊರು ನಮ್ಮದು. ಅದರ ಕಾಳು ಕಾಳನ್ನೂ ಕೈಯಾರೆ ಹರಡಿದವರು ಕೂಡ ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಹೊಸ ಹಿಮದ ಮೇಣ ಹಾಕಿಕೊಂಡು ಬಂದಿದ್ದೆವು. ಬಂದಿದ್ದೆವು ಎನ್ನುತ್ತೇನೆ, ಏಕೆಂದರೆ ಸಾಲಿನಲ್ಲಿ ನಾನೂ ನಿಂತಿದ್ದೆ.

ಅವಳು ಅವನ ಸ್ಕೀಯ ತಳದ ನಡುವೆ ಉದ್ದಕ್ಕೆ ಹೋಗುವ ಗೀರಿನ ಎರಡೂ ಬದಿಗೆ ಮೀನಿನ ಮುಳ್ಳಿನಂತೆ ಅಂಟಿನ ಗೆರೆ ಎಳೆದುಕೊಟ್ಟಳು. ಬೆರಳಿನಿಂದ ಹರಡು ಎಂದಳು. ತೆಳ್ಳಗೆ, ಎಂಬ್ರೆಟ್‌ನ ಹಾಗೆ ಗಂಜಿ ಬಡಿಸಬೇಡ ಎಂದಳು. ಸಾಲಿನ ಕೊನೆಯಲ್ಲಿದ್ದ ಎಂಬ್ರೆಟ್, ಐವತ್ತು ವರ್ಷವಾದರೂ ಇವಳಿಗೆ ಗಂಜಿ ಮರೆತಿಲ್ಲ ಎಂದು ಗೊಣಗಿದ. ಸ್ತೂರ್ಲಾನ ಎರಡೂ ಕೈ, ಕೋಲು, ಟೋಪಿ, ಕಾಫಿಯ ಲೋಟ ಎಲ್ಲಕ್ಕೂ ಅಂಟಾಯಿತು. ಆ ಅಂಟಿನ ಕೈಯಲ್ಲಿಯೇ ಅವನು ಒಳಜೇಬಿನಿಂದ ಮಾರ್ಚ್ ಸಭೆಯ ಆ ಮಡಿಸಿದ ಕಾಗದ ತೆಗೆದು ಹರಿಯಲು ನೋಡಿದ. ಕಾಗದ ಬೆರಳಿಗೆ ಅಂಟಿಕೊಂಡು ಹರಿಯಲೇ ಇಲ್ಲ. ಕೊನೆಗೆ ಒಲೆಯ ಬಾಯಿಗೆ ಕೈ ಹಿಡಿದು ಮೆಲ್ಲಗೆ ಬಿಡಿಸಿ ಬೆಂಕಿಗೆ ಹಾಕಿದ.

ಅವನು ಆಮೇಲೆ ದಿಣ್ಣೆ ಹತ್ತಿದ. ಮಕ್ಕಳೂ ಹತ್ತಿದರು. ಜಾಡು ಕಿರಿದಾಗಿದ್ದುದರಿಂದ ಯಾರೂ ಯಾರನ್ನೂ ದಾಟುವಂತಿರಲಿಲ್ಲ. ಊರೆಲ್ಲ ಒಬ್ಬರ ಹಿಂದೆ ಒಬ್ಬರಾಗಿ ಮಧ್ಯಾಹ್ನದವರೆಗೆ ಸುತ್ತುತ್ತಿತ್ತು. ಹೊಟ್ಟಿನ ಚೂರುಗಳು ಸ್ಕೀಗೆ ಹತ್ತಿ ಜಾರುವುದು ಸ್ವಲ್ಪ ನಿಧಾನವಾಗಿತ್ತು. 'ಸ್ವಲ್ಪ' ಎಂದವಳು ಯೋರುನ್, ಬಹಳವೇ ನಿಧಾನವಾಗಿತ್ತು. ನವೆಂಬರಿನಲ್ಲಿ ಸ್ತೂರ್ಲಾ ಮಕ್ಕಳನ್ನು ಕರೆದುಕೊಂಡು ಬಂದು ಹಿಮದ ಮನೆಯ ಗೋಡೆಗಳಿಗೆ ಹೊಸ ಒಣ ಹೊಟ್ಟು ತುಂಬಿ ಹಲಗೆ ಬಡಿದುಕೊಟ್ಟ.

ಈಗ ಯೋರುನ್‌ಗೆ ಎಪ್ಪತ್ತೊಂಬತ್ತು. ಎರಡು ವರ್ಷದ ಹಿಂದೆ ಸೊಂಟದ ಕೀಲು ಬದಲಾಯಿಸಿದರು. ಇನ್ನು ಬೀಳದಂತೆ ನೋಡಿಕೊಳ್ಳಿ ಎಂದ ಡಾಕ್ಟರಿಗೆ, ಬೀಳುವುದು ನನ್ನ ಕೆಲಸ, ಸರಿಮಾಡುವುದು ನಿಮ್ಮದು ಎಂದು ಹೇಳಿ ಬಂದಳು. ಈಗಲೂ ಪ್ರತಿ ವರ್ಷ ಒಟ್ಟುವ ಇಷ್ಟು ಎತ್ತರದ ಗುಡ್ಡೆಗೆ ಕಟ್ಟಡದ ಪರವಾನಗಿ ಬೇಕಲ್ಲವೇ ಎಂದು ಮೊನ್ನೆ ಬೇಸಗೆಯಲ್ಲಿ ಪಂಚಾಯಿತಿ ಕಚೇರಿಯಿಂದ ಕಾಗದ ಬಂತು. ಅಕ್ಟೋಬರಿನಲ್ಲಿ ನಾವೇ ಕೆಡವುತ್ತೇವೆ ಎಂದು ಒಂದು ಸಾಲು ಬರೆದು ಕಳಿಸಿದಳು. ಇನ್ನೂ ಉತ್ತರ ಬಂದಿಲ್ಲ.

ಸಂಘದಲ್ಲಿ ಈಗ ಇಪ್ಪತ್ತಮೂರು ಮಕ್ಕಳಿದ್ದಾರೆ. ಈ ವರ್ಷದ ಸಭೆಯಲ್ಲಿ ಅವಳು ಒಂದು ಕಿಲೋಮೀಟರ್ ಜಾಡು ಬೇಕೆಂದು ಹಟ ಹಿಡಿದಳು. ಒಪ್ಪಿದ ಸ್ತೂರ್ಲಾ ಬುದ್ಧಿ ಕಲಿತಿದ್ದಾನೆ. ಅಗಲ ಮೂರು ಮೀಟರ್ ಎಂದು ನಡಾವಳಿಯಲ್ಲಿ ಬರೆಸಿದ. ನಿನ್ನೆ ಅವಳು ನನ್ನ ಮನೆಗೆ ಬಂದು ಪುಸ್ತಕ ತೆಗೆಸಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಹಿಮದ ದಪ್ಪ ಎಷ್ಟೆಂದು ಎಲ್ಲಿಯೂ ಬರೆದಿಲ್ಲ ಎಂದು ಖಚಿತ ಮಾಡಿಕೊಂಡು, ಕಾಫಿಯನ್ನೂ ಕುಡಿಯದೆ ಗುಡ್ಡೆಯ ಕಡೆ ನಡೆದಳು. ಕಿಟಕಿಯಿಂದ ನೋಡಿದರೆ, ದಕ್ಷಿಣದ ಬದಿಯಲ್ಲಿ ಬಗ್ಗಿ ಹೊಟ್ಟಿನ ಮೇಲೆ ಅಂಗೈ ಇಟ್ಟಿದ್ದಾಳೆ, ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು.